ಒಂದು ವಸ್ತು, ಒಂದು ಗೀಟು

“ನಮ್ಮ ಮಗು ಆಗಲೇ ನೂರರವರೆಗೆ ಎಣಿಸುತ್ತದೆ” ಎಂದು ಮನೆಗೆ ಬಂದ ನೆಂಟರ ಮುಂದೆ ಹೇಳಿಕೊಳ್ಳದ ತಾಯ್ತಂದೆಯರು ವಿರಳ. ನೆಂಟರು ಕಾಫಿಯ ಲೋಟವನ್ನು ಕೆಳಗಿಟ್ಟು “ಎಲ್ಲಿ, ಹೇಳು ಪುಟ್ಟಾ, ಕೇಳೋಣ” ಎನ್ನುತ್ತಾರೆ. ಮಗು ಗೋಡೆಗೆ ಒರಗಿ ನಿಂತು, ಕಣ್ಣನ್ನು ಸೂರಿನ ಕಡೆಗೆ ನೆಟ್ಟು, ಒಂದೇ ಉಸಿರಿನಲ್ಲಿ ಒಂದರಿಂದ ನೂರಕ್ಕೆ ಓಡಿಬಿಡುತ್ತದೆ. ಎಲ್ಲರೂ ಮೆಚ್ಚುತ್ತಾರೆ, ಮಗುವಿನ ಕೈಗೆ ಒಂದು ಬಿಸ್ಕತ್ತೂ ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಮಗುವಿನ ಮುಂದೆ ಹನ್ನೆರಡು ಹುಣಸೆಬೀಜಗಳನ್ನು ಚೆಲ್ಲಿ “ಇವು ಎಷ್ಟು?” ಎಂದು ಕೇಳಿದರೆ, ಆಗ ನಡೆಯುವುದೇ ಬೇರೆ.

ಬೆರಳು ಮೂರನೆಯ ಬೀಜದ ಮೇಲಿರುವಾಗ ನಾಲಿಗೆ ಐದಕ್ಕೆ ಹೋಗಿರುತ್ತದೆ. ಒಂದು ಬೀಜ ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಇನ್ನೊಂದು ಬಾರದೆಯೇ ಉಳಿಯುತ್ತದೆ. ಹೇಗೋ ಎಣಿಸಿ ಮುಗಿಸಿದ ಮೇಲೆ “ಹಾಗಾದರೆ ಒಟ್ಟು ಎಷ್ಟು?” ಎಂದರೆ, ಮಗು ಉತ್ತರ ಹೇಳುವುದಕ್ಕೆ ಬದಲಾಗಿ ಮತ್ತೆ ಮೊದಲಿನಿಂದ ಎಣಿಸತೊಡಗುತ್ತದೆ. ‘ಎಷ್ಟು?’ ಎಂಬುದು ಅದರ ಪಾಲಿಗೆ ಉತ್ತರ ಬಯಸುವ ಪ್ರಶ್ನೆಯಲ್ಲ. ‘ಆ ಪಾಠವನ್ನು ಒಪ್ಪಿಸು’ ಎಂಬ ಅಪ್ಪಣೆ. ನೂರರವರೆಗೆ ಹೇಳಬಲ್ಲ ಮಗು ಹನ್ನೆರಡನ್ನು ಎಣಿಸಲಾರದೆ ನಿಲ್ಲುವುದು ಹೀಗೆ.

ಸಂಖ್ಯೆಗಳ ಹೆಸರನ್ನು ಬಲ್ಲುದಕ್ಕೂ ಎಣಿಸಬಲ್ಲುದಕ್ಕೂ ಇರುವ ಈ ಅಂತರವನ್ನು ಅಮೆರಿಕದ ಮನೋವಿಜ್ಞಾನಿಗಳಾದ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬವರು ೧೯೭೮ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಶದವಾಗಿ ವಿವರಿಸಿದರು. ಎಣಿಕೆಗೆ ಐದು ನಿಯಮಗಳಿವೆ ಎಂಬುದು ಅವರ ನಿರೂಪಣೆ. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು. ಹೆಸರುಗಳ ಕ್ರಮ ಎಂದೂ ಬದಲಾಗಬಾರದು. ಕೊನೆಗೆ ಉಚ್ಚರಿಸಿದ ಹೆಸರೇ ಒಟ್ಟು ಮೊತ್ತ. ಬೀಜವಾಗಲಿ, ಹಕ್ಕಿಯಾಗಲಿ, ಕೇಳಿಬಂದ ಗಂಟೆಯ ಸದ್ದಾಗಲಿ ಯಾವುದನ್ನು ಬೇಕಾದರೂ ಎಣಿಸಬಹುದು. ಯಾವ ಕೊನೆಯಿಂದ ಆರಂಭಿಸಿದರೂ ಮೊತ್ತ ಒಂದೇ. ಬಾಯಿಪಾಠದಿಂದ ಕೈಗೆ ಹತ್ತುವುದು ಇವುಗಳಲ್ಲಿ ಎರಡನೆಯದು ಮಾತ್ರ. ಉಳಿದ ನಾಲ್ಕನ್ನು ಮಗು ಬೇರೆ ದಾರಿಯಿಂದ ಪಡೆಯಬೇಕು. ಆ ದಾರಿಗಳಲ್ಲಿ ಅತ್ಯಂತ ಹಳೆಯದು, ಅತ್ಯಂತ ಸುಲಭವಾದುದು, ಕಾಸಿನ ಖರ್ಚೂ ಇಲ್ಲದ್ದು ಗೀಟು ಹಾಕುವುದು.

ಕಂಡ ಒಂದೊಂದು ವಸ್ತುವಿಗೂ ಒಂದೊಂದು ಗೀಟು. ಐದನೆಯದು ಬಂದಾಗ ಹಿಂದಿನ ನಾಲ್ಕರ ಮೇಲೆ ಓರೆಯಾಗಿ ಒಂದು ಅಡ್ಡಗೀಟು. ಅಲ್ಲಿಗೆ ಒಂದು ಕಟ್ಟು. ಬಗೆಬಗೆಯ ವಸ್ತುಗಳಿಗೆ ಬೇರೆಬೇರೆ ಸಾಲು ಹಾಕಿಕೊಂಡರೆ ಅದೇ ಗೀಟುಪಟ್ಟಿ. ಶಾಲೆಯ ಪುಸ್ತಕಗಳಲ್ಲಿ ‘ತಾಳೆ ಗುರುತು’ ಎಂಬ ಹೆಸರಿನಿಂದ ಬರುವುದೂ ಇದೇ. ನೋಡುವುದಕ್ಕೆ ಇದು ಮಕ್ಕಳಾಟ. ಆದರೆ ಸಂಖ್ಯೆಯ ಹೆಸರನ್ನೇ ಅರಿಯದ ಮಗು ಕೂಡ ಎಣಿಕೆಯ ಮೊದಲ ನಿಯಮವನ್ನು ಇಲ್ಲಿ ತನ್ನ ಕೈಯಿಂದಲೇ ಪಾಲಿಸುತ್ತದೆ ಎಂಬುದನ್ನು ಗಮನಿಸಬೇಕು. ಬಿಟ್ಟುಹೋದರೆ ಗೀಟು ಕಡಮೆಯಾಗುತ್ತದೆ. ಎರಡು ಸಲ ಬಂದರೆ ಹೆಚ್ಚಾಗುತ್ತದೆ. ಬಾಯಲ್ಲಿ ಹೇಳಿದ ಲೆಕ್ಕ ಗಾಳಿಗೆ ಹೋಗುತ್ತದೆ. ಗೀಟು ಅಲ್ಲೇ ಉಳಿದು ಸಾಕ್ಷಿ ನುಡಿಯುತ್ತದೆ.

ಅಂಕಿಗಿಂತ ಹಳೆಯದು

ಮನುಷ್ಯ ಅಂಕಿಗಳನ್ನು ಕಂಡುಕೊಳ್ಳುವುದಕ್ಕೆ ಸಾವಿರಾರು ವರ್ಷ ಮೊದಲೇ ಗೀಟು ಹಾಕಲು ಕಲಿತಿದ್ದನು. ೧೯೩೭ರಲ್ಲಿ ಅಂದಿನ ಚೆಕೊಸ್ಲೊವಾಕಿಯದ ಮೊರೇವಿಯ ಪ್ರಾಂತದಲ್ಲಿ ನೆಲವನ್ನು ಅಗೆದಾಗ ಒಂದು ತೋಳದ ಎಲುಬು ದೊರೆಯಿತು. ಅದರ ಮೇಲೆ ೫೫ ಗೀರುಗಳಿದ್ದುವು. ಸುಮಾರು ೩೦,೦೦೦ ವರ್ಷ ಹಳೆಯದಾದ ಆ ಎಲುಬಿನ ಮೇಲಣ ಗೀರುಗಳು ಎಣಿಕೆಯ ಗುರುತುಗಳೆಂದು ಹಲವು ವಿದ್ವಾಂಸರ ಅಭಿಪ್ರಾಯ. ಬೇಟೆಯ ಮೃಗಗಳನ್ನೋ, ಕಳೆದ ರಾತ್ರಿಗಳನ್ನೋ, ಏನನ್ನು ಎಣಿಸಿದ್ದರೆಂಬುದನ್ನು ಇಂದು ಹೇಳುವವರಿಲ್ಲ. ಆದರೆ ಎಣಿಸಿದುದನ್ನು ಮರೆಯಬಾರದೆಂಬ ಆಸೆ ಆ ಬೇಟೆಗಾರನಿಗೂ ಇದ್ದಿತೆಂದು ಊಹಿಸಬಹುದು.

ಇಂಗ್ಲೆಂಡಿನ ರಾಜರ ಖಜಾನೆಯಲ್ಲಿ ಇದೇ ಗೀಟು ನೂರಾರು ವರ್ಷ ದರ್ಬಾರು ನಡೆಸಿತು. ಅಲ್ಲಿ ಪಾವತಿಯಾದ ಹಣಕ್ಕೆ ಕಾಗದದ ರಸೀತಿಗೆ ಬದಲಾಗಿ ಮರದ ಕಡ್ಡಿಯನ್ನು ಕೊಡುತ್ತಿದ್ದರು. ಸಾವಿರ ಪೌಂಡಿಗೆ ಅಂಗೈಯಷ್ಟು ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಾರ್ಲಿಯ ಕಾಳಿನಷ್ಟು. ಕಚ್ಚು ಹಾಕಿದ ಬಳಿಕ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಒಂದು ಹೋಳನ್ನು ಹಣ ಕೊಟ್ಟವನಿಗೆ ಒಪ್ಪಿಸಿ ಇನ್ನೊಂದನ್ನು ಖಜಾನೆಯಲ್ಲಿಡುತ್ತಿದ್ದರು. ಎರಡು ಹೋಳುಗಳನ್ನು ಜೋಡಿಸಿದಾಗ ಕಚ್ಚುಗಳು ಒಂದಕ್ಕೊಂದು ಕೂಡಿಬರಬೇಕು. ಒಬ್ಬನು ಕಳ್ಳತನದಿಂದ ಒಂದು ಕಚ್ಚನ್ನು ಹೆಚ್ಚಿಸಿದರೆ ಇನ್ನೊಬ್ಬನ ಹೋಳು ಅದನ್ನು ಒಪ್ಪುತ್ತಿರಲಿಲ್ಲ. ಈ ಪದ್ಧತಿ ೧೮೨೬ರಲ್ಲಿ ನಿಂತಿತು. ಉಳಿದ ಹಳೆಯ ಕಡ್ಡಿಗಳನ್ನು ೧೮೩೪ರ ಅಕ್ಟೋಬರ್ ೧೬ರಂದು ಪಾರ್ಲಿಮೆಂಟಿನ ಒಲೆಗಳಿಗೆ ತುಂಬಿ ಸುಡಹೋದಾಗ ಬೆಂಕಿ ಕೈಮೀರಿ, ಪಾರ್ಲಿಮೆಂಟ್ ಭವನದ ಬಹುಭಾಗವೇ ಸುಟ್ಟುಹೋಯಿತು. ಲೆಕ್ಕದ ಕಡ್ಡಿಗಳು ತಮ್ಮನ್ನು ಕಡೆಗಣಿಸಿದವರಿಗೆ ಬುದ್ಧಿ ಕಲಿಸಿದುವೆಂದು ನಗೆಯಾಡುವುದುಂಟು.

ಅಷ್ಟು ದೂರವೇಕೆ? ಕನ್ನಡನಾಡಿನ ಊರುಗಳಲ್ಲಿ ಹಾಲಿನವಳ ಲೆಕ್ಕ ಬಹುಕಾಲ ನಡೆದುದು ಬಾಗಿಲ ಪಕ್ಕದ ಗೋಡೆಯ ಮೇಲೆ. ದಿನದಿನದ ವರ್ತನೆಗೆ ಇದ್ದಿಲಿನದೋ ಸುಣ್ಣದ್ದೋ ಒಂದೊಂದು ಗೀಟು. ತಿಂಗಳ ಕೊನೆಗೆ ಎಣಿಸಿ ಹಣ. ಆಕೆಗೆ ಓದು ಬರದು. ಮನೆಯ ಯಜಮಾನರು ಪದವೀಧರರೇ ಇರಬಹುದು. ಆದರೂ ಗೋಡೆಯ ಮುಂದೆ ಇಬ್ಬರೂ ಸಮಾನರು. ಇಬ್ಬರೂ ನೋಡಬಲ್ಲ, ಇಬ್ಬರೂ ನಂಬಬಲ್ಲ ಲೆಕ್ಕ ಅದು. ‘ತಾಳೆ ನೋಡುವುದು’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಗೀಟಿನ ಬೆಲೆ ಇರುವುದು ಇಲ್ಲಿ: ಅದು ಹಾಕಿದವನ ನೆನಪಿಗಷ್ಟೇ ಅಲ್ಲ, ಇನ್ನೊಬ್ಬನ ಪರೀಕ್ಷೆಗೂ ಒದಗುತ್ತದೆ.

ಐದಕ್ಕೇ ಏಕೆ ಕಟ್ಟು?

ನಾಲ್ಕು ಗೀಟಿನ ಮೇಲೆ ಐದನೆಯದನ್ನು ಅಡ್ಡವಾಗಿ ಎಳೆಯುವುದೇಕೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ‘ಕೈಗೆ ಐದು ಬೆರಳಲ್ಲವೆ?’ ಎಂಬುದು ಸುಲಭವಾದ ಉತ್ತರ. ನಾಲ್ಕು ಬೆರಳುಗಳ ಮೇಲೆ ಹೆಬ್ಬೆರಳನ್ನು ಅಡ್ಡಲಾಗಿ ಮಡಿಸಿ ತೋರಿಸಿದರೆ ಮಗುವಿಗೆ ಆ ಚಿತ್ರ ಮರೆಯದು. ಆದರೆ ಇದರ ಹಿಂದೆ ಕಣ್ಣಿನ ಒಂದು ಗುಟ್ಟೂ ಅಡಗಿದೆ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ೧೮೭೧ರಲ್ಲಿ ತನ್ನ ಮೇಲೆಯೇ ಒಂದು ಪ್ರಯೋಗವನ್ನು ನಡೆಸಿ ಪ್ರಕಟಿಸಿದನು. ಹಿಡಿಯಲ್ಲಿ ಬಂದಷ್ಟು ಕಾಳುಗಳನ್ನು ಒಂದು ಪುಟ್ಟ ಪೆಟ್ಟಿಗೆಯ ಕಡೆಗೆ ಎಸೆದು, ಒಳಗೆ ಬಿದ್ದವು ಎಷ್ಟೆಂದು ಒಂದೇ ನೋಟಕ್ಕೆ ಹೇಳುವುದು, ಆಮೇಲೆ ಎಣಿಸಿ ನೋಡುವುದು. ಹೀಗೆ ೧,೦೨೭ ಬಾರಿ ಮಾಡಿದನು. ಮೂರು, ನಾಲ್ಕು ಕಾಳು ಬಿದ್ದಾಗ ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ಬಂದೊಡನೆ ತಪ್ಪು ತಲೆಹಾಕಿತು. ಸಂಖ್ಯೆ ಏರಿದಂತೆ ತಪ್ಪೂ ಏರಿತು. ಎಂದರೆ, ವಯಸ್ಕರ ಕಣ್ಣು ಕೂಡ ನಾಲ್ಕರವರೆಗೆ ಎಣಿಸದೆಯೇ ಅರಿಯುತ್ತದೆ, ಅದರಾಚೆಗೆ ಎಣಿಸಲೇಬೇಕು. ಸಾಲಾಗಿ ನಿಂತ ಒಂಬತ್ತು ಗೀಟುಗಳನ್ನು ಯಾರೂ ಒಂದೇ ನೋಟಕ್ಕೆ ಒಂಬತ್ತೆನ್ನಲಾರರು. ಒಂದು ಕಟ್ಟು ಮತ್ತು ನಾಲ್ಕು ಗೀಟು ಎಂದಾದರೆ ಎಳೆಯ ಮಗುವೂ ಹೇಳಬಲ್ಲುದು. ಕಣ್ಣು ಸೋಲುವ ಎಡೆಯಲ್ಲಿಯೇ ಅಡ್ಡಗೀಟು ಬಂದು ಕೈಹಿಡಿಯುತ್ತದೆ.

ಚೀನ, ಜಪಾನ್ ದೇಶಗಳಲ್ಲಿ ಇದೇ ಕೆಲಸಕ್ಕೆ ಐದು ಗೆರೆಗಳಿಂದಾದ ಒಂದು ಅಕ್ಷರವನ್ನು ಬಳಸುತ್ತಾರೆ. ಒಂದೊಂದು ವಸ್ತುವಿಗೂ ಅಕ್ಷರದ ಒಂದೊಂದು ಗೆರೆ; ಅಕ್ಷರ ಪೂರ್ಣವಾದರೆ ಐದು. ರೂಪ ಬೇರೆ, ಯುಕ್ತಿ ಒಂದೇ.

ಮಗುವಿನ ಸ್ವಂತ ಬರವಣಿಗೆ

ಗೀಟನ್ನು ಮಗುವಿಗೆ ಹೊರಗಿನಿಂದ ಹೇರಬೇಕಾಗಿಯೇ ಇಲ್ಲ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಬ್ರಿಟನ್ನಿನ ಮನೋವಿಜ್ಞಾನಿ ಮಾರ್ಟಿನ್ ಹ್ಯೂಸ್ ೧೯೮೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಡಬ್ಬಿಯ ಆಟವೊಂದರ ವರ್ಣನೆಯಿದೆ. ಒಂದೇ ಬಗೆಯ ನಾಲ್ಕು ಡಬ್ಬಿಗಳು, ಮೂರರಲ್ಲಿ ಕ್ರಮವಾಗಿ ಒಂದು, ಎರಡು, ಮೂರು ಮರದ ತುಂಡುಗಳು, ನಾಲ್ಕನೆಯದು ಬರಿದು. ಮುಚ್ಚಳ ಹಾಕಿ ಸ್ಥಳ ಬದಲಾಯಿಸಿದರೆ ಯಾವುದರಲ್ಲಿ ಎಷ್ಟಿದೆಯೆಂದು ತಿಳಿಯುವ ಬಗೆಯಿಲ್ಲ, ಮಕ್ಕಳು ಊಹಿಸಬೇಕು. ಆಮೇಲೆ ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಆ ಮಕ್ಕಳ ಕೈಗೆ ಕಾಗದ, ಪೆನ್ಸಿಲು ಕೊಟ್ಟು, ಗುರುತು ಸಿಗುವಂತೆ ಮುಚ್ಚಳದ ಮೇಲೆ ಏನಾದರೂ ಮಾಡಿಡುವಂತೆ ಹೇಳಿದರು. ಅಂಕಿ ಬರೆಯಲು ಬಾರದ ಎಷ್ಟೋ ಮಕ್ಕಳು ತುಂಡಿಗೊಂದರಂತೆ ಗೀಟನ್ನೋ ಚಿತ್ರವನ್ನೋ ಬರೆದು, ಅದರ ಬಲದಿಂದ ಬೇಕಾದ ಡಬ್ಬಿಯನ್ನು ಹುಡುಕಿ ತೆಗೆದರು.

ಬರವಣಿಗೆ ಏಕೆ ಬೇಕು ಎಂಬುದು ಆ ಮಕ್ಕಳಿಗೆ ಆ ಕ್ಷಣದಲ್ಲಿ ಹೊಳೆಯಿತು. ಸ್ಲೇಟಿನ ಮೇಲೆ ‘೩’ ಎಂಬ ಅಂಕಿಯನ್ನು ಐವತ್ತು ಸಲ ತಿದ್ದುವ ಮಗುವಿಗೆ ಆ ಹೊಳಹು ದೊರೆಯಬೇಕಾಗಿಲ್ಲ. ‘೩’ ಎಂಬ ಆಕಾರದಲ್ಲಿ ಮೂರು ಎನ್ನುವಂಥದು ಏನೂ ಕಾಣುವುದಿಲ್ಲ. ಮೂರು ಗೀಟಿನಲ್ಲಿ ಕಾಣುತ್ತದೆ. ಮೊದಲು ಗೀಟು, ಆಮೇಲೆ ಅಂಕಿ ಎಂಬ ಕ್ರಮವನ್ನು ಹಿಡಿದರೆ, ಅಂಕಿ ಎಂಬುದು ಗೀಟುಗಳನ್ನು ಚಿಕ್ಕದಾಗಿ ಬರೆಯುವ ಉಪಾಯವೆಂದು ಮಗುವಿಗೆ ತಾನಾಗಿ ತಿಳಿಯುತ್ತದೆ. ಕ್ರಮ ತಿರುಗಿದರೆ ಅಂಕಿ ಎಂಬುದು ದೊಡ್ಡವರ ಒಂದು ಗೂಢಲಿಪಿಯಾಗಿ, ಗಣಿತದ ಭಯಕ್ಕೆ ಅಲ್ಲಿಯೇ ಬೀಜ ಬೀಳುತ್ತದೆ.

ಮನೆಯಲ್ಲಿ ಕಲಿಸುವ ಬಗೆ

ಮೂರು ನಾಲ್ಕು ವರ್ಷದ ಮಗುವಿಗೆ ಕಾಗದವೇ ಬೇಡ. ಒಂದು ಬಟ್ಟಲು, ಒಂದು ಹಿಡಿ ಅವರೆಕಾಳು ಸಾಕು. ಒಣಗಿದ ಬಟ್ಟೆಯನ್ನು ತಾಯಿ ಒಂದೊಂದಾಗಿ ಮಡಿಸಿಟ್ಟಂತೆ ಮಗು ಒಂದೊಂದು ಕಾಳನ್ನು ಬಟ್ಟಲಿಗೆ ಹಾಕಲಿ. ಕೊನೆಗೆ ಮಡಿಸಿದ ಬಟ್ಟೆಗಳ ಮೇಲೆ ಒಂದೊಂದು ಕಾಳನ್ನು ಇಟ್ಟು ನೋಡಲಿ. ಉಳಿಯದೆ, ಸಾಲದೆ ಹೋಗದೆ ಸರಿಹೊಂದಿದರೆ ಅದರ ಮುಖ ಅರಳುವುದನ್ನು ನೋಡಬೇಕು. ಕ್ರಿಕೆಟ್ ಪಂದ್ಯದಲ್ಲಿ ಓವರಿನ ಎಸೆತಗಳನ್ನು ಮರೆಯದಿರಲು ಅಂಪೈರುಗಳು ಆರು ಕಲ್ಲುಹರಳುಗಳನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದುದೂ ಇದೇ ಪಾಠ.

ಐದು ವರ್ಷದ ಹೊತ್ತಿಗೆ ಕಾಳಿನ ಎಡೆಗೆ ಗೀಟು ಬರಬಹುದು. ಸಂತೆಯಿಂದ ತಂದ ಚೀಲವನ್ನು ಬರಿದು ಮಾಡುವಾಗ ಒಂದು ಬದನೆಕಾಯಿಗೆ ಒಂದು ಗೀಟು. ಗೀಟುಗಳು ಒಂದೇ ಎತ್ತರವಾಗಿ, ಒಂದೇ ಅಂತರದಲ್ಲಿ ನಿಂತರೆ ಚೆನ್ನ. ಆಮೇಲೆ ಕಟ್ಟು ಕಟ್ಟುವುದನ್ನು ತೋರಿಸಬೇಕು. ಇಲ್ಲಿ ಬಹುತೇಕ ಮಕ್ಕಳು ಒಂದು ತಪ್ಪು ಮಾಡುತ್ತಾರೆ: ಐದು ಗೀಟನ್ನೂ ನೆಟ್ಟಗೆ ಎಳೆದು, ಬಳಿಕ ಅಡ್ಡಗೀಟನ್ನು ಬರಿಯ ಅಲಂಕಾರವೆಂಬಂತೆ ಹಾಕುತ್ತಾರೆ. ಆಗ ಕಟ್ಟಿನಲ್ಲಿ ಆರು ಸೇರುತ್ತದೆ. ಇದನ್ನು ಗದರಿಸಿ ತಿದ್ದಬಾರದು. ಬೆಂಕಿಕಡ್ಡಿಗಳಿಂದ ಅದೇ ಕಟ್ಟನ್ನು ಮಾಡಿಸಿ, ಬಿಚ್ಚಿ ಎಣಿಸಹೇಳಿದರೆ ಅಡ್ಡಗೀಟೂ ಒಂದು ವಸ್ತುವಿನ ಗುರುತೆಂದು ಮಗುವೇ ಕಂಡುಕೊಳ್ಳುತ್ತದೆ.

ಆರು ಏಳು ವರ್ಷಕ್ಕೆ ನಿಜವಾದ ಪಟ್ಟಿ. ಇದಕ್ಕೆ ಮೊದಲು ಬೇಕಾದುದು ಗೆರೆಯಲ್ಲ, ಒಂದು ಪ್ರಶ್ನೆ. ‘ಮನೆಯ ಮುಂದೆ ಬಸ್ಸು ಹೆಚ್ಚು ಹೋಗುತ್ತವೆಯೋ ಆಟೋ ಹೆಚ್ಚು ಹೋಗುತ್ತವೆಯೋ?’ ಎಂಬಂತಹ, ಮಗುವಿಗೆ ಉತ್ತರ ತಿಳಿಯದ, ತಿಳಿಯಬೇಕೆಂದು ಆಸೆಯಾಗುವ ಪ್ರಶ್ನೆ. ಪ್ರಶ್ನೆಯಿಲ್ಲದ ಪಟ್ಟಿ ಮತ್ತೊಂದು ಕಾಪಿಪುಸ್ತಕವಾಗಿಬಿಡುತ್ತದೆ.

ಬೆಂಗಳೂರಿನ ಯಾವುದೋ ಬಡಾವಣೆಯ ಒಂದು ಮನೆ ಎಂದಿಟ್ಟುಕೊಳ್ಳಬಹುದು. ಆರು ವರ್ಷದ ಹುಡುಗಿ ಅಜ್ಜಿಯೊಡನೆ ಜಗಲಿಯಲ್ಲಿ ಕುಳಿತಿದ್ದಾಳೆ. ಕಾಗದದ ಮೇಲೆ ಬಸ್ಸು, ಆಟೋ, ಕಾರು, ಸ್ಕೂಟರು, ಸೈಕಲ್ಲು ಎಂದು ಐದು ಸಾಲು. ಕಾಲು ಗಂಟೆಯ ಲೆಕ್ಕ. ಅಷ್ಟರಲ್ಲಿ ನೀರಿನ ಟ್ಯಾಂಕರೊಂದು ಬರುತ್ತದೆ.

“ಅಜ್ಜಿ, ಇದಕ್ಕೆ ಸಾಲೇ ಇಲ್ಲವಲ್ಲ! ಬಸ್ಸಿನ ಸಾಲಿಗೆ ಹಾಕಲೆ? ಇದೂ ದೊಡ್ಡದೇ.”

“ಹಾಕು ಬೇಕಾದರೆ. ಸಂಜೆ ನಿಮ್ಮಪ್ಪ ಬಂದು ‘ಬಸ್ಸು ಎಷ್ಟು ಹೋದವು?’ ಅಂತ ಕೇಳಿದರೆ ಏನು ಹೇಳುತ್ತೀಯೆ?”

ಹುಡುಗಿ ಯೋಚಿಸುತ್ತಾಳೆ. “ಹಾಗಾದರೆ ಬಿಟ್ಟುಬಿಡಲೆ?”

“ಬಂದದ್ದು ಬಂತಲ್ಲೇ ಮಗಳೆ! ಇಲ್ಲ ಅಂದರೆ ಹೇಗೆ?”

ಹುಡುಗಿ ಕೆಳಗೆ ಇನ್ನೊಂದು ಗೆರೆ ಎಳೆದು ‘ಬೇರೆ’ ಎಂದು ಬರೆದು ಅಲ್ಲಿ ಒಂದು ಗೀಟು ಹಾಕುತ್ತಾಳೆ. ಇಷ್ಟು ಸಣ್ಣ ಮಾತುಕತೆಯಲ್ಲಿ ಆಕೆ ಕಲಿತದ್ದು ಅಲ್ಪವಲ್ಲ. ಎಣಿಸುವುದಕ್ಕೆ ಮೊದಲು ವಿಂಗಡಿಸಬೇಕು. ಒಂದು ವಸ್ತು ಒಂದೇ ಸಾಲಿಗೆ ಸೇರಬೇಕು. ಯಾವ ಸಾಲಿಗೂ ಸೇರದ್ದನ್ನು ಮುಚ್ಚಿಡಬಾರದು. ದೊಡ್ಡ ದೊಡ್ಡ ಕಚೇರಿಗಳ ಅಂಕಿಅಂಶಗಳು ಎಡವುವುದೂ ಈ ಮೂರು ಕಡೆಗಳಲ್ಲಿಯೇ.

ಕಾಲು ಗಂಟೆ ಮುಗಿದಾಗ ಪಟ್ಟಿ ಹೀಗಿದೆ: ಬಸ್ಸು, ಒಂದು ಕಟ್ಟು ಮತ್ತು ಒಂದು, ಆಟೋ, ಎರಡು ಕಟ್ಟು ಮತ್ತು ನಾಲ್ಕು, ಕಾರು, ಎರಡು ಕಟ್ಟು ಮತ್ತು ಒಂದು, ಸ್ಕೂಟರು, ನಾಲ್ಕು ಕಟ್ಟು ಮತ್ತು ಮೂರು, ಬೇರೆ, ಎರಡು. ಸೈಕಲ್ಲಿನ ಸಾಲು ಬರಿದು. ಇನ್ನು ಪಟ್ಟಿಯನ್ನು ಓದಿಸಬೇಕು. ಬರೆಯುವುದು ಅರ್ಧ ಕೆಲಸ; ಓದುವುದು ಇನ್ನರ್ಧ. ಯಾವುದು ಎಲ್ಲಕ್ಕಿಂತ ಹೆಚ್ಚು? ಬಸ್ಸಿಗಿಂತ ಆಟೋ ಎಷ್ಟು ಹೆಚ್ಚು? ಕಳೆಯುವ ಲೆಕ್ಕ ಇನ್ನೂ ಬಾರದ ಮಗುವೂ ಎರಡು ಸಾಲುಗಳನ್ನು ಹೊಂದಿಸಿ ನೋಡಿ, ಉಳಿದ ಎಂಟು ಗೀಟುಗಳನ್ನು ತೋರಿಸಬಲ್ಲುದು. ಒಟ್ಟು ಎಷ್ಟು? ಕಟ್ಟುಗಳು ಒಂಬತ್ತು, ಬಿಡಿ ಗೀಟುಗಳು ಹನ್ನೊಂದು. ಆ ಹನ್ನೊಂದರಲ್ಲಿ ಮತ್ತೆರಡು ಕಟ್ಟು ಕಟ್ಟಿದರೆ ಹನ್ನೊಂದು ಕಟ್ಟು, ಒಂದು ಬಿಡಿ. ಎರಡು ಕಟ್ಟಿಗೆ ಹತ್ತರಂತೆ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಉಳಿದ ಕಟ್ಟಿಗೆ ಐದು, ಬಿಡಿಗೆ ಒಂದು. ಒಟ್ಟು ೫೬. ಹತ್ತರ ಸ್ಥಾನ, ಬಿಡಿಯ ಸ್ಥಾನ ಎಂಬ ಮುಂದಿನ ಪಾಠಕ್ಕೆ ಬಾಗಿಲು ಇಲ್ಲಿಯೇ ತೆರೆಯಿತು.

ಸೈಕಲ್ಲಿನ ಬರಿಯ ಸಾಲನ್ನು ಹೊಡೆದುಹಾಕಬೇಕೆಂದು ಮಗುವಿಗೆ ತೋರುವುದು ಸಹಜ. ಹೊಡೆದುಹಾಕಗೊಡಬಾರದು. ‘ನೋಡಿದೆವು, ಒಂದೂ ಬರಲಿಲ್ಲ’ ಎಂಬುದಕ್ಕೂ ‘ನೋಡಲೇ ಇಲ್ಲ’ ಎಂಬುದಕ್ಕೂ ಬಹಳ ಅಂತರವಿದೆ. ಬರಿದಾದ ಸಾಲು ಮೊದಲನೆಯದನ್ನು ಹೇಳುತ್ತದೆ. ಸೊನ್ನೆ ಎಂಬುದು ಇಲ್ಲಿ ಮಗುವಿಗೆ ಅರ್ಥವುಳ್ಳ ಸಂಖ್ಯೆಯಾಗಿ ಪರಿಚಯವಾಗುತ್ತದೆ. ೧೯೩೯ರಲ್ಲಿ ಮದರಾಸಿಗೆ ಬಂದು ಹಲವು ವರ್ಷ ಭಾರತದಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದ ಮರಿಯಾ ಮಾಂಟೆಸರಿಯವರ ಪದ್ಧತಿಯಲ್ಲಿಯೂ ಇದೇ ವಿವೇಕ ಕಾಣುತ್ತದೆ. ಅಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಗುರುತು ಮಾಡಿದ ಗೂಡುಗಳಿರುವ ಪೆಟ್ಟಿಗೆಯೂ ೪೫ ಕದಿರುಕಡ್ಡಿಗಳೂ ಇರುತ್ತವೆ. ಆಯಾ ಗೂಡಿಗೆ ಅಷ್ಟಷ್ಟು ಕಡ್ಡಿಗಳನ್ನು ಹಾಕಿದ ಮೇಲೆ ಒಂದೂ ಮಿಗುವುದಿಲ್ಲ. ಸೊನ್ನೆಯ ಗೂಡು ಮಾತ್ರ ಬರಿದಾಗಿ ಉಳಿದು ತನ್ನ ಪಾಠವನ್ನು ತಾನೇ ಹೇಳುತ್ತದೆ.

ಶಾಲೆಯಲ್ಲಿ

ಇಂತಹ ಪಾಠಗಳು ಶಾಲೆಗೆ ಹೊಸವಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ ಮೊದಲಾಗಿ, ಮುಂದೆ ಕರ್ನಾಟಕದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ‘ನಲಿ-ಕಲಿ’ ಪದ್ಧತಿ, ಎಳೆಯರು ಕೈಗೆ ಕೆಲಸವಿದ್ದಾಗಲೇ ಕಲಿಯುತ್ತಾರೆಂಬ ನಂಬಿಕೆಯ ಮೇಲೆ ನಿಂತದ್ದು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಿನ ಬಳಿಕ ರಚಿತವಾದ ಮೂರನೆಯ ತರಗತಿಯ ಗಣಿತ ಪುಸ್ತಕದಲ್ಲಿ ಗೀಟುಪಟ್ಟಿಗೆ ಒಂದು ಪಾಠವೇ ಮೀಸಲಾಗಿತ್ತು. ಆದರೆ ಪುಸ್ತಕದಲ್ಲಿ ಮುದ್ರಿತವಾದ ಗೀಟುಗಳನ್ನು ಎಣಿಸಿ ಖಾಲಿ ಬಿಟ್ಟ ಸ್ಥಳವನ್ನು ತುಂಬುವುದು ಬೇರೆ. ತಾನು ಕಂಡದ್ದಕ್ಕೆ ತಾನೇ ಗೀಟು ಹಾಕುವುದು ಬೇರೆ. ಮೊದಲನೆಯದು ಪರೀಕ್ಷೆಗೆ ಸಾಕು, ಬುದ್ಧಿಗೆ ಸಾಲದು. ಎರಡನೆಯದಕ್ಕೆ ಶಾಲೆಯ ಗಂಟೆಯಲ್ಲಿ ಬಿಡುವು ಕಡಮೆ. ಮನೆಯ ಜಗಲಿ, ಅಡಿಗೆಮನೆ, ಅಂಗಳಗಳಲ್ಲಿ ಬೇಕಾದಷ್ಟಿದೆ.

ಚೌಕುಳಿ ಹಾಕಿದ ಕಾಗದ ಸಿಕ್ಕಿದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಒಬ್ಬನು ಗೀಟುಗಳನ್ನು ಇಕ್ಕಟ್ಟಾಗಿಯೂ ಇನ್ನೊಬ್ಬನು ವಿರಳವಾಗಿಯೂ ಎಳೆದರೆ, ಕಡಮೆಯಿರುವ ಸಾಲೇ ಉದ್ದವಾಗಿ ಕಂಡು ಕಣ್ಣಿಗೆ ಮೋಸವಾಗುತ್ತದೆ. ಒಂದು ಚೌಕಕ್ಕೆ ಒಂದೇ ವಸ್ತು ಎಂದು ನಿಯಮ ಮಾಡಿ ಚೌಕಗಳಿಗೆ ಬಣ್ಣ ತುಂಬಿಸಿದರೆ, ಉದ್ದವಾದ ಸಾಲೇ ಹೆಚ್ಚಿನದಾಗುತ್ತದೆ. ಪತ್ರಿಕೆಗಳಲ್ಲಿ ಬರುವ ಸ್ತಂಭನಕ್ಷೆಯನ್ನು ಮುಂದೆ ನೋಡಿದಾಗ ಅದು ಮಗುವಿಗೆ ಹೊಸತಾಗಿ ತೋರದು. ತನ್ನ ಗೀಟುಗಳೇ ವೇಷ ಬದಲಿಸಿ ಬಂದಂತೆ ಕಾಣುತ್ತದೆ.

ಹಾಕಬಾರದ ಗೀಟು

ಎಣಿಕೆಯ ಪಾಠದಲ್ಲಿ ಇನ್ನೊಂದು ಪಾಠವೂ ಅಡಗಿದೆ, ಅದು ಗಣಿತದ್ದಲ್ಲ.

ಮೇಲೆ ಹೇಳಿದ ಹುಡುಗಿಯೇ ಒಂದು ವಾರ ಅಡಿಗೆಮನೆಯ ಬಾಗಿಲಿಗೆ ಪಟ್ಟಿಯೊಂದನ್ನು ಅಂಟಿಸಿದಳೆಂದು ಭಾವಿಸಬಹುದು. ಊಟವಾದ ಮೇಲೆ ತಟ್ಟೆಲೋಟಗಳನ್ನು ಎತ್ತಿಟ್ಟು ನೆಲ ಒರೆಸಿದವರು ಯಾರು? ದಿನಕ್ಕೆ ಎರಡು ಊಟದಂತೆ ವಾರಕ್ಕೆ ಹದಿನಾಲ್ಕು ಗೀಟು. ಸಾಲುಗಳು ಅಮ್ಮ, ಅಪ್ಪ, ಅಜ್ಜಿ, ಅಣ್ಣ, ತಾನು. ಶನಿವಾರ ರಾತ್ರಿ ನೋಡಿದರೆ ಅಮ್ಮನ ಸಾಲಿನಲ್ಲಿ ಎರಡು ಕಟ್ಟು ತುಂಬಿದೆ, ಅಜ್ಜಿಗೆ ಎರಡು, ಅಪ್ಪನಿಗೆ ಒಂದು, ಅಣ್ಣನಿಗೆ ಒಂದು. ತನ್ನ ಸಾಲು ಬರಿದು.

“ಅಮ್ಮಾ, ಗುರುವಾರ ನಾನು ಲೋಟ ಎತ್ತೋಣ ಅಂತಲೇ ಎದ್ದೆ. ಅಷ್ಟರಲ್ಲಿ ನೀನು ಎತ್ತಿಬಿಟ್ಟೆ. ನನಗೂ ಒಂದು ಗೀಟು ಹಾಕಿಕೊಳ್ಳಲಾ?”

ಇಲ್ಲಿ ತಾಯಿ ಏನು ಹೇಳುತ್ತಾಳೆಂಬುದರ ಮೇಲೆ ಬಹಳಷ್ಟು ನಿಂತಿದೆ. ‘ಪಾಪ, ಹಾಕಿಕೋ’ ಎಂದರೆ ಮಗು ಆ ಕ್ಷಣಕ್ಕೆ ಸಂತೋಷಪಡುತ್ತದೆ. ಆದರೆ ಗೀಟು ಎಂಬುದು ಇಷ್ಟಬಂದಂತೆ ಹಾಕುವ ಗೆರೆಯೆಂದು ತಿಳಿಯುತ್ತದೆ. ಗದರಿದರೆ ಪಟ್ಟಿಯ ಮೇಲೆಯೇ ಬೇಸರ ಹುಟ್ಟುತ್ತದೆ. “ನೀನು ಎದ್ದದ್ದು ನನಗೆ ಗೊತ್ತು ಕಂದಾ. ಆದರೆ ಇದು ಎದ್ದವರ ಪಟ್ಟಿಯಲ್ಲ, ಎತ್ತಿದವರ ಪಟ್ಟಿ. ನಾಳೆ ಎತ್ತು, ನಾಳೆ ಹಾಕು” ಎಂದರೆ ಮಗುವಿಗೆ ನೋವೂ ಆಗದು, ಲೆಕ್ಕವೂ ಕೆಡದು. ಕಂಡದ್ದಕ್ಕೆ ಗೀಟು, ಬಯಸಿದ್ದಕ್ಕಲ್ಲ. ಈ ಒಂದು ನಿಯಮವನ್ನು ಎಳವೆಯಲ್ಲಿ ಕೈಗೆ ಕಲಿಸಿದರೆ, ಮುಂದೆ ಪ್ರಯೋಗಶಾಲೆಯಲ್ಲಾಗಲಿ, ಅಂಗಡಿಯ ಖಾತೆಯಲ್ಲಾಗಲಿ, ಕಚೇರಿಯ ಕಡತದಲ್ಲಾಗಲಿ ಆ ಕೈ ಸುಲಭವಾಗಿ ಸುಳ್ಳು ಬರೆಯದು.

ಪಟ್ಟಿ ಮಗುವಿಗೆ ಮಾತ್ರ ಪಾಠವಲ್ಲ ಎಂಬುದನ್ನೂ ಹೇಳಬೇಕು. ‘ಮನೆಯಲ್ಲಿ ಎಲ್ಲರೂ ಕೈ ಸೇರಿಸುತ್ತೇವೆ’ ಎಂದು ನಂಬಿದ್ದ ತಂದೆ ತನ್ನ ಸಾಲಿನ ಒಂಟಿ ಗೀಟಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಯಾರೂ ಯಾರನ್ನೂ ದೂರಲಿಲ್ಲ. ಯಾರೂ ದನಿ ಏರಿಸಲಿಲ್ಲ. ಆರು ವರ್ಷದ ಹುಡುಗಿ ಕಂಡದ್ದನ್ನು ಕಂಡಂತೆ ಬರೆದಳು, ಅಷ್ಟೆ. ಮುಂದಿನ ವಾರ ತಂದೆಯ ಸಾಲಿಗೂ ಅಣ್ಣನ ಸಾಲಿಗೂ ಮತ್ತೆರಡು ಗೀಟು ಕೂಡಿದರೆ, ಅಮ್ಮನ ಸಾಲಿನಲ್ಲಿ ಅಷ್ಟು ಇಳಿದರೆ, ಕಾಗದಕ್ಕೆ ಕೊಟ್ಟ ಕಾಸು ಸಾರ್ಥಕ.

ಭಾರತದಲ್ಲಿ ೧೮೮೧ರಿಂದ ೨೦೧೧ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದ ಜನಗಣತಿಯಲ್ಲಿ ಗಣತಿದಾರರು ಮನೆಮನೆಯ ಬಾಗಿಲು ತಟ್ಟಿದುದೂ ಇದೇ ಎರಡು ನಿಯಮಗಳನ್ನು ಹಿಡಿದು: ಯಾರೊಬ್ಬರೂ ಬಿಟ್ಟುಹೋಗಬಾರದು, ಯಾರೊಬ್ಬರೂ ಎರಡು ಸಲ ಬರಬಾರದು. ೨೦೧೧ರಲ್ಲಿ ಆ ಲೆಕ್ಕ ೧೨೧ ಕೋಟಿಯನ್ನು ಮುಟ್ಟಿತು. ಹನ್ನೆರಡು ಹುಣಸೆಬೀಜಗಳ ಮುಂದೆ ಕುಳಿತ ಮಗುವಿಗೆ ಬೇಕಾದುದೂ ಅದೇ ಎಚ್ಚರ. ಮೊತ್ತ ಮಾತ್ರ ಚಿಕ್ಕದು.

ಆದುದರಿಂದ ಮಗು ನೂರರವರೆಗೆ ಒಪ್ಪಿಸುವುದನ್ನು ಕೇಳಿ ಮೆಚ್ಚುವವರು ಮೆಚ್ಚಲಿ. ಅದರ ಜೊತೆಗೆ ಒಂದು ಮೊಂಡು ಪೆನ್ಸಿಲನ್ನೂ, ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನೂ ಅದರ ಕೈಗೆ ಕೊಟ್ಟು, ಕಿಟಕಿಯ ಬಳಿ ಕೂರಿಸಿ, ತೆಂಗಿನ ಮರಕ್ಕೆ ಸಂಜೆ ಎಷ್ಟು ಕಾಗೆ ಬರುತ್ತವೆ, ಎಷ್ಟು ಗಿಳಿ ಬರುತ್ತವೆ ಎಂದು ಕೇಳಿ ನೋಡಲಿ. ಉತ್ತರ ಹೇಳಲು ಮಗು ಸ್ವಲ್ಪ ತಡಮಾಡಬಹುದು. ಅವಸರಪಡಿಸಬಾರದು. ಅದು ನೋಡುತ್ತಿದೆ.